ಕಾಳು ಹಾಕುವ ಕೈ, ಬಲೆ ಕಟ್ಟುವ ಕೈ

ಮುಂಬೈನಲ್ಲಿ ಜನ ಪಾರಿವಾಳಗಳಿಗೆ ಕಾಳು ಹಾಕುವ ತಾಣವಾದ ದಾದರ್ ಕಬೂತರ್‌ಖಾನಾಕ್ಕೆ, ಅದನ್ನು ತಡೆಯಲು ಪಾಲಿಕೆ ಹೊದಿಸಿದ್ದ ಟಾರ್ಪಾಲನ್ನು 2025ರ ಆಗಸ್ಟ್‌ನಲ್ಲಿ ಪ್ರತಿಭಟನಾಕಾರರು ಕಿತ್ತೆಸೆದರು. ಅವರಲ್ಲಿ ಜೈನರು ಬಹಳ ಮಂದಿ. ಪಾರಿವಾಳಕ್ಕೆ ಕಾಳು ಹಾಕುವುದು ಅವರಿಗೆ ಜೀವದಯೆ. ಸುತ್ತಲಿನ ಮನೆಯವರಿಗೆ ಒಣಗಿದ ಹಿಕ್ಕೆಯ ದೂಳಿನಿಂದ ಶ್ವಾಸಕೋಶದ ಕಾಯಿಲೆಯ ಭಯ. ಹಾಗಾದರೆ ಹಕ್ಕಿಯನ್ನು ದೂರವಿಡುವುದು ಹಿಂಸೆಯೇ?

ಅಲ್ಲ. ಆದರೆ ದೂರವಿಡುವ ಬಗೆಯಲ್ಲಿ ಹಿಂಸೆ ನುಸುಳಬಹುದು. ಬಾಲ್ಕನಿಯ ನೈಲಾನ್ ಬಲೆ ಬಿಗಿಯಾಗಿದ್ದರೆ ಹಕ್ಕಿ ತಾಗಿ ಹಿಂದಿರುಗುತ್ತದೆ. ಜೋತುಬಿದ್ದು ಮೂಲೆ ಹರಿದಿದ್ದರೆ ಕಾಲು, ರೆಕ್ಕೆ ಸಿಕ್ಕಿಕೊಂಡು ಒದ್ದಾಡಿ ಸಾಯುತ್ತದೆ. ಎಸಿ ಪೆಟ್ಟಿಗೆಯ ಹಿಂದೆ ನಾಲ್ಕು ಕಡ್ಡಿಯ ಗೂಡು, ಅದರಲ್ಲಿ ಎರಡು ಬಿಳಿ ಮೊಟ್ಟೆ. ಮೊಟ್ಟೆಯೊಡೆದು ಬಂದ ಮರಿ ಹಾರಲು ಸುಮಾರು ಒಂದು ತಿಂಗಳು ಸಾಕು. ಮರಿ ಹಾರುವವರೆಗೆ ಕಾದು ಸಂದು ಮುಚ್ಚಬಾರದೆ?

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ವರ್ಷಗಟ್ಟಲೆ ಪಾರಿವಾಳಗಳನ್ನು ಕೊಂದರೂ ಸಂಖ್ಯೆ ಇಳಿಯಲಿಲ್ಲ. 1988ರಿಂದ ಕಾಳು ಹಾಕಬೇಡಿ ಎಂದು ಜನರಿಗೆ ತಿಳಿಹೇಳಿ, ಗೂಡುಮನೆ ಕಟ್ಟಿ ಮೊಟ್ಟೆ ತೆಗೆಯತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಳಿಯಿತು. ಅತಿಯಾದ ಕಾಳೇ ಅತಿಯಾದ ಸಂತತಿಗೂ ರೋಗಕ್ಕೂ ದಾರಿ. ದಯೆ ತೋರಲು ಬೇರೆ ಹಾದಿಗಳಿವೆ: ದೆಹಲಿಯ ಚಾಂದನಿ ಚೌಕದ ಜೈನರ ಹಕ್ಕಿ ಆಸ್ಪತ್ರೆ ಗಾಯಗೊಂಡ ಪಾರಿವಾಳಗಳಿಗೆ ಉಚಿತವಾಗಿ ಚಿಕಿತ್ಸೆ ಕೊಡುತ್ತದೆ.

ಬಲೆ ಕಟ್ಟಿಸುವವರು ಮೊದಲು ಸಂದುಗೊಂದಿನಲ್ಲಿ ಗೂಡಿದೆಯೇ ನೋಡಿ. ಕಟ್ಟಿಸಿದ ಮೇಲೆ ಹರಿದಿದೆಯೇ ಎಂದು ಆಗಾಗ ನೋಡುತ್ತಿರಿ.