ಆನಂದ ಕೇಳದೆ ಬಿಟ್ಟ ಪ್ರಶ್ನೆ

ಮುಂಡಗೋಡಿನ ಟಿಬೆಟನ್ ಮಠಗಳಲ್ಲಿ ತರ್ಕದ ಹೊತ್ತಿಗೆ ಅಂಗಳದ ಕಡೆ ಹೋದವರಿಗೆ ಜಗಳ ನಡೆದಿದೆಯೇನೋ ಅನ್ನಿಸುತ್ತದೆ. ಒಬ್ಬ ಭಿಕ್ಷು ಕೂತಿರುತ್ತಾನೆ, ಇನ್ನೊಬ್ಬ ಎದುರಿಗೆ ನಿಂತು ಪ್ರಶ್ನೆ ಎಸೆದು, ಎಡಗಾಲು ನೆಲಕ್ಕೆ ಅಪ್ಪಳಿಸಿ, ಬಲಗೈಯಿಂದ ಎಡಗೈ ಮೇಲೆ ಫಟ್ಟನೆ ಹೊಡೆಯುತ್ತಾನೆ. ಕೂತವನು ಭಾಷಣ ಮಾಡುವಂತಿಲ್ಲ. ‘ಒಪ್ಪಿದೆ’, ‘ಏಕೆ?’, ‘ಹೇತು ಸಿದ್ಧವಾಗಿಲ್ಲ’, ‘ವ್ಯಾಪ್ತಿಯಿಲ್ಲ’ ಎಂಬಷ್ಟರಲ್ಲೇ ಬಹುಪಾಲು ಉತ್ತರ ಮುಗಿಯಬೇಕು. ತಡವರಿಸಿದರೆ ಸುತ್ತ ನೆರೆದವರು ಗೇಲಿ ಮಾಡದೆ ಬಿಡುವುದಿಲ್ಲ.

ಇದು ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಯರ ಪ್ರಮಾಣಶಾಸ್ತ್ರದ ಆಟ. ಹಿಮಾಲಯ ದಾಟಿ ಹೋದ ವಿದ್ಯೆ 1959ರ ನಂತರ ಟಿಬೆಟನ್ ನಿರಾಶ್ರಿತರ ಜೊತೆ ಮರಳಿ ಬಂತು. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡಿನಲ್ಲಿ, ಸೆರಾ ಮಠ ಬೈಲಕುಪ್ಪೆಯಲ್ಲಿ ಮತ್ತೆ ಎದ್ದವು. ಇಲ್ಲಿ ಗೆಶೆ ಪದವಿ ಪಡೆಯಲು ಹದಿನೈದಿಪ್ಪತ್ತು ವರ್ಷ ಬೇಕು. ಪ್ರಜ್ಞಾಪಾರಮಿತೆ, ಮಾಧ್ಯಮಿಕ, ಪ್ರಮಾಣ, ಅಭಿಧರ್ಮ, ವಿನಯ ಎಂಬ ಐದು ವಿಷಯಗಳನ್ನು ಅರೆದು ಕುಡಿಯಬೇಕು. ಗುರು ಹೇಳಿದ ಎಂಬ ಕಾರಣಕ್ಕೆ ಯಾವುದೂ ಅಲ್ಲಿ ಸಿದ್ಧವಾಗುವುದಿಲ್ಲ.

ಶತಮಾನಗಳ ಕಾಲ ಈ ಅಂಗಳ ಗಂಡಸರದು. ದೇಶ ಬಿಟ್ಟು ಬಂದ ಸನ್ಯಾಸಿನಿಯರ ಮಠಗಳಲ್ಲಿ ತರ್ಕದ ಪಾಠ ಶುರುವಾಗಿ, 1995ರಿಂದ ಬೇರೆ ಬೇರೆ ಮಠಗಳ ಸನ್ಯಾಸಿನಿಯರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ವಾದಿಸತೊಡಗಿದರು. 2011ರಲ್ಲಿ ಜರ್ಮನಿ ಮೂಲದ ಕೆಲ್ಸಾಂಗ್ ವಾಂಗ್ಮೊ ಗೆಶೆ ಆದ ಮೊದಲ ಮಹಿಳೆ ಎನಿಸಿದರು. 2016ರ ಡಿಸೆಂಬರ್ 22ರಂದು ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ ಇಪ್ಪತ್ತು ಸನ್ಯಾಸಿನಿಯರು ದಲೈ ಲಾಮಾ ಅವರ ಕೈಯಿಂದ ‘ಗೆಶೆಮಾ’ ಪದವಿ ಪಡೆದರು. ಕರ್ನಾಟಕದ ನೆಲದಲ್ಲಿ ನಡೆದ ಈ ಘಟನೆಗೆ ನಮ್ಮಲ್ಲಿ ಆಗಬೇಕಾದಷ್ಟು ಸದ್ದಾಗಲಿಲ್ಲ.

ಆದರೆ ವಿಚಿತ್ರ ನೋಡಿ. ಐದು ವಿಷಯಗಳಲ್ಲಿ ಕೊನೆಯದಾದ ವಿನಯ, ಅಂದರೆ ಸಂಘದ ಕಟ್ಟುಪಾಡು, ಪೂರ್ಣ ದೀಕ್ಷೆ ಇಲ್ಲದವರು ಪೂರ್ತಿ ಓದಬಾರದೆಂಬುದು ಸಂಪ್ರದಾಯ. ಟಿಬೆಟನ್ ಪರಂಪರೆಯಲ್ಲಿ ಹೆಂಗಸರಿಗೆ ಸಿಗುವುದು ಶ್ರಾಮಣೇರಿ, ಅಂದರೆ ಆರಂಭದ ದೀಕ್ಷೆ ಮಾತ್ರ. ಭಿಕ್ಷುಣಿಯ ಪೂರ್ಣ ದೀಕ್ಷೆಗೆ ಭಿಕ್ಷುಸಂಘ, ಭಿಕ್ಷುಣಿಸಂಘ ಎರಡೂ ಕೂಡಬೇಕು. ಆ ಪರಂಪರೆಯ ಭಿಕ್ಷುಣಿಸಂಘ ಟಿಬೆಟಿಗೆ ತಲುಪಲೇ ಇಲ್ಲ. ಕೊಡುವವರಿಲ್ಲ, ಹಾಗಾಗಿ ಪಡೆಯುವಂತಿಲ್ಲ. ಶೂನ್ಯತೆಯ ಬಗ್ಗೆ ಎದುರಾಳಿಯ ಬಾಯಿ ಮುಚ್ಚಿಸಬಲ್ಲ ವಿದುಷಿಯನ್ನು ಈ ಸರಳ ಅಡ್ಡಿ ತಡೆದು ನಿಲ್ಲಿಸುತ್ತದೆ.

ಬೌದ್ಧ ನೀತಿ ತಪ್ಪುಗಳನ್ನು ಎರಡಾಗಿ ನೋಡುತ್ತದೆ. ಕೊಲ್ಲುವುದು, ಕದಿಯುವುದು ಸ್ವಭಾವದಿಂದಲೇ ದೋಷ. ಯಾರು ಮಾಡಿದರೂ ದೋಷವೇ. ಮಧ್ಯಾಹ್ನ ಕಳೆದ ಮೇಲೆ ಉಣ್ಣುವುದು ವ್ರತ ಹಿಡಿದವರಿಗೆ ಮಾತ್ರ ದೋಷ, ಅದೂ ಬುದ್ಧ ನಿಯಮ ಮಾಡಿದ್ದರಿಂದ. ದೀಕ್ಷೆಯ ವಿಧಿ ಎರಡನೆಯ ಬಗೆಯದು, ಸನ್ನಿವೇಶಕ್ಕೆ ತಕ್ಕಂತೆ ಹುಟ್ಟಿದ ಏರ್ಪಾಡು. ಹಾಗಿದ್ದರೆ ಬದಲಿಸಬಹುದಲ್ಲ?

ಬದಲಿಸಲು ಬುದ್ಧನೇ ದಾರಿ ಬಿಟ್ಟಿದ್ದ. ತನ್ನ ನಂತರ ಸಂಘಕ್ಕೆ ಬೇಕೆನಿಸಿದರೆ ಚಿಕ್ಕಪುಟ್ಟ ನಿಯಮಗಳನ್ನು ಕೈಬಿಡಬಹುದು ಎಂದು ಶಿಷ್ಯ ಆನಂದನಿಗೆ ಹೇಳಿದ. ಚಿಕ್ಕವು ಯಾವುವು ಎಂದು ಆನಂದ ಕೇಳಲಿಲ್ಲ. ರಾಜಗೃಹದ ಮೊದಲ ಸಂಗೀತಿಯಲ್ಲಿ, ಅಂದರೆ ಸಂಘದ ಮಹಾಸಭೆಯಲ್ಲಿ, ಅದೇ ಅವನ ಮೇಲೊಂದು ಆರೋಪವಾಯಿತು. ಯಾವುದನ್ನು ಬಿಡಬೇಕೆಂದು ತಿಳಿಯದೆ, ಮಹಾಕಾಶ್ಯಪನ ಮಾತಿನಂತೆ ಎಲ್ಲವನ್ನೂ ಉಳಿಸಿಕೊಂಡರು. ಬುದ್ಧನ ಸಾಕುತಾಯಿ ಮಹಾಪ್ರಜಾಪತಿ ಗೌತಮಿಯ ಪರವಾಗಿ ವಾದಿಸಿ ಹೆಂಗಸರಿಗೆ ಸಂಘದ ಬಾಗಿಲು ತೆರೆಸಿದ್ದಕ್ಕೂ ಆನಂದನ ಮೇಲೆ ಅದೇ ಸಭೆಯಲ್ಲಿ ಆಕ್ಷೇಪ ಬಂತು. ಒಂದು ಕಡೆ ಕೇಳಲಿಲ್ಲವೆಂದು, ಇನ್ನೊಂದು ಕಡೆ ಕೇಳಿದನೆಂದು! ಪಾಪ, ಆನಂದ.

ಇತಿಹಾಸವಂತೂ ನಿಯಮದಷ್ಟು ಬಿಗಿಯಾಗಿಲ್ಲ. ಐದನೆಯ ಶತಮಾನದಲ್ಲಿ ಸಿಂಹಳದ ಭಿಕ್ಷುಣಿಯರು ಹಡಗು ಹತ್ತಿ ಚೀನಾಕ್ಕೆ ಹೋಗಿ ಅಲ್ಲಿನ ಹೆಂಗಸರಿಗೆ ದೀಕ್ಷೆ ಕೊಡಿಸಿದರು. ಸಿಂಹಳದಲ್ಲೇ ಆ ಪರಂಪರೆ ಸುಮಾರು ಹನ್ನೊಂದನೆಯ ಶತಮಾನದ ಹೊತ್ತಿಗೆ ಅಳಿಯಿತು. ಪೂರ್ವ ಏಷ್ಯಾದಲ್ಲಿ ಉಳಿಯಿತು. 1996ರಲ್ಲಿ ಸಾರನಾಥದಲ್ಲಿ ಶ್ರೀಲಂಕೆಯ ಹತ್ತು ಮಹಿಳೆಯರು ಕೊರಿಯಾದ ಸಂಘದ ನೆರವಿನಿಂದ ಭಿಕ್ಷುಣಿಯರಾದರು. ಪೂರ್ವ ಏಷ್ಯಾದ್ದು ಬೇರೆ ವಿನಯ, ಅದರ ದೀಕ್ಷೆ ನಮಗೆ ಸಲ್ಲದು ಎನ್ನುವ ಹಿರಿಯರು ಥೇರವಾದದಲ್ಲಿ ಇಂದಿಗೂ ಇದ್ದಾರೆ. ಟಿಬೆಟನ್ನರ ನಡುವೆಯೂ ಇದೇ ತಕರಾರು. ತಾನೊಬ್ಬನೇ ತೀರ್ಮಾನಿಸಲಾಗದು, ಸಂಘ ಒಮ್ಮತಕ್ಕೆ ಬರಬೇಕು ಎನ್ನುವುದು ದಲೈ ಲಾಮಾ ಅವರ ನಿಲುವು.

ಅವರ ಮಾತನ್ನು ನುಣುಚಿಕೊಳ್ಳುವ ಉಪಾಯ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಬುದ್ಧ ತನ್ನ ನಂತರ ಯಾರನ್ನೂ ಉತ್ತರಾಧಿಕಾರಿಯಾಗಿ ಕೂರಿಸಲಿಲ್ಲ. ಸಂಘದಲ್ಲಿ ಒಬ್ಬನ ಅಪ್ಪಣೆಗಿಂತ ಸಭೆಯ ಸಮ್ಮತಿ ದೊಡ್ಡದು. ಕಷ್ಟವೆಂದರೆ ಆ ಸಮ್ಮತಿ ಕೊಡಬೇಕಾದ ಸಭೆಯಲ್ಲಿ ಕೂತವರೆಲ್ಲ ಭಿಕ್ಷುಗಳೇ. ಹೇತು ಸಿದ್ಧವಾಗಿಲ್ಲ ಎಂದು ಅಂಗಳದಲ್ಲಿ ಕೂಗುವವರು ಈ ಏರ್ಪಾಡಿನ ಹೇತುವನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಾಗುತ್ತದೆ.

2022ರ ಜೂನ್‌ನಲ್ಲಿ ಭೂತಾನ್ ಕೇಳಿತು. ಟಿಬೆಟನ್ನರು ಪಾಲಿಸುವ ಮೂಲಸರ್ವಾಸ್ತಿವಾದ ವಿನಯವೇ ಅಲ್ಲಿಯದೂ. ಅಲ್ಲಿನ ಪರಮೋಚ್ಚ ಗುರು ಜೆ ಖೆನ್ಪೊ ನೂರಕ್ಕೂ ಹೆಚ್ಚು ಸನ್ಯಾಸಿನಿಯರಿಗೆ, ಭಿಕ್ಷುಣಿಸಂಘವಿಲ್ಲದೆಯೇ, ಭಿಕ್ಷುಸಂಘದ ಮೂಲಕ ಪೂರ್ಣ ದೀಕ್ಷೆ ಕೊಟ್ಟರು. ಅದು ಸಿಂಧುವೇ ಎಂದು ಚರ್ಚಿಸಲು ಈಗ ತಕ್ಕಮಟ್ಟಿಗೆ ವಿನಯ ಓದಿದ ಗೆಶೆಮಾಗಳೂ ಇದ್ದಾರೆ.