ಕಿವಿಮಾತು ಮತ್ತು ಮೂರನೆಯವನು

ಕಿವಿಮಾತು ಎಂಬುದು ನಮ್ಮ ನುಡಿಯಲ್ಲಿ ಗೌರವದ ಪದ. ಹಿರಿಯರು ಕಿರಿಯರಿಗೆ ಹೇಳುವ ಹಿತವಚನಕ್ಕೆ ಆ ಹೆಸರು. ಆದರೆ ಕಿವಿಯಲ್ಲಿ ಉಸುರಿದ ಮಾತೆಲ್ಲವೂ ಹಿತವಚನವಲ್ಲ. ಒಬ್ಬನಿಗೆ ಹಿತವಾದದ್ದು ಇನ್ನೊಬ್ಬನ ಪಾಲನ್ನು ಕಸಿದಿರಬಹುದು. ಈ ವಿಚಾರ ನಮ್ಮನ್ನು ಬಹುಕಾಲದಿಂದ ಕಾಡುತ್ತಿದೆ. ಅದನ್ನು ಓದುಗ ಬಂಧುಗಳ ಮುಂದಿಡಲು ಒಬ್ಬ ಕುಸ್ತಿಪಟುವಿನ ಕಥೆ ನಮಗೆ ನೆರವಾಗಿದೆ.

1960ರ ಒಲಿಂಪಿಕ್ ಕ್ರೀಡೆಗಳು ರೋಮ್ ನಗರದಲ್ಲಿ ನಡೆದವು. ಕುಸ್ತಿಗೆಂದು ಆರಿಸಿದ ಸ್ಥಳ ಮ್ಯಾಕ್ಸೆಂಟಿಯಸ್ ದೊರೆಯ ಹೆಸರಿನ ಪುರಾತನ ಬೆಸಿಲಿಕಾ. ನಾಲ್ಕನೆಯ ಶತಮಾನದ ಆ ಭಾರಿ ಕಮಾನುಗಳ ಅಡಿಯಲ್ಲಿ ಜಟ್ಟಿಗಳು ಸೆಣಸಿದರು. ಗ್ರೀಕೋ-ರೋಮನ್ ಶೈಲಿಯ ಕುಸ್ತಿಯಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಕಾಲು ಕೊಟ್ಟು ಬೀಳಿಸುವಂತೆಯೂ ಇಲ್ಲ. ನಮ್ಮ ಗರಡಿಯ ಪೈಲ್ವಾನರಿಗೆ ಅರ್ಧದಷ್ಟು ಪಟ್ಟುಗಳು ಮರೆತುಹೋದಂತೆಯೇ ಸರಿ. ಎದೆಗೆ ಎದೆ ಕೊಟ್ಟು, ತೋಳಿಗೆ ತೋಳು ಹೆಣೆದು, ಎತ್ತಿ ಒಗೆಯಬೇಕು. ಹೀಗೆ ಹೆಣೆದುಕೊಂಡ ಇಬ್ಬರಲ್ಲಿ ಒಬ್ಬನ ಬಾಯಿ ಮತ್ತೊಬ್ಬನ ಕಿವಿಯ ಬಳಿಯೇ ಇರುತ್ತದೆ.

ಹಗುರ ತೂಕದ ವರ್ಗದಲ್ಲಿ, ಅಂದರೆ 67 ಕಿಲೋಗ್ರಾಂ ಒಳಗಿನವರಲ್ಲಿ, ಆಗಿನ ಸೋವಿಯೆತ್ ಒಕ್ಕೂಟದ ಪರವಾಗಿ ಇಳಿದವನು ಅವ್ತಾಂದಿಲ್ ಕೊರಿಡ್ಜೆ. 1935ರಲ್ಲಿ ಹುಟ್ಟಿದ ಜಾರ್ಜಿಯಾದ ತರುಣ. ಡೋಲು, ಓಲಗದಂಥ ವಾದ್ಯಗಳ ಸದ್ದಿಗೆ ಕುಸ್ತಿಯಾಡುವ ‘ಚಿದಾವೊಬಾ’ ಎಂಬ ಪದ್ಧತಿ ಆ ನಾಡಿನಲ್ಲಿ ಶತಮಾನಗಳಿಂದ ಬಂದಿದೆ. ಅಲ್ಲಿ ಗೆದ್ದವನನ್ನು ಊರೇ ಕೊಂಡಾಡುತ್ತದೆ.

ಆ ಕಾಲದ ನಿಯಮದಂತೆ ಕುಸ್ತಿಪಟುವಿಗೆ ದಂಡದ ಅಂಕಗಳಿದ್ದವು. ಎದುರಾಳಿಯನ್ನು ಚಿತ್ ಮಾಡಿ ಗೆದ್ದರೆ ದಂಡವಿಲ್ಲ. ಹಾಗಲ್ಲದೆ ಬರಿಯ ಅಂಕಗಳಿಂದ ಗೆದ್ದರೂ ಒಂದಿಷ್ಟು ದಂಡ. ಸಮವಾದರೆ ಅದಕ್ಕಿಂತ ಹೆಚ್ಚು. ದಂಡ ಮಿತಿ ಮೀರಿದವನು ಹೊರಕ್ಕೆ. ಕೊರಿಡ್ಜೆ ಬಲ್ಗೇರಿಯಾದ ದಿಮಿತರ್ ಸ್ಟೋಯಾನೊವ್‌ನನ್ನು ಎದುರಿಸಿದಾಗ ಲೆಕ್ಕ ಬಿಗಿಯಾಗಿತ್ತು. ಅವನನ್ನು ಚಿತ್ ಮಾಡದೆ ಹೋದರೆ ಚಿನ್ನದ ಪದಕ ಯುಗೋಸ್ಲಾವಿಯಾದ ಬ್ರಾನಿಸ್ಲಾವ್ ಮಾರ್ಟಿನೊವಿಚ್‌ನ ಪಾಲಾಗುವುದಿತ್ತು. ಅವನು ಆ ಹೊತ್ತಿನಲ್ಲಿ ಕಣದಲ್ಲಿರಲಿಲ್ಲ. ಬದಿಯಲ್ಲಿದ್ದು ನೋಡುವುದಷ್ಟೇ ಅವನಿಗೆ ಉಳಿದಿತ್ತು.

ಪಂದ್ಯ ಸಮವಾಗಿಯೇ ಸಾಗಿತು. ಕೊನೆಯ ಒಂದು ನಿಮಿಷದ ಸುಮಾರಿಗೆ ಕೊರಿಡ್ಜೆ ಸ್ಟೋಯಾನೊವ್‌ನ ಕಿವಿಯಲ್ಲಿ ಏನೋ ಹೇಳಿದ. ಅಲ್ಲಿಯವರೆಗೆ ಬಂಡೆಯಂತಿದ್ದವನು ಸ್ವಲ್ಪದರಲ್ಲೇ ಅಂಗಾತ ಬಿದ್ದ. ಯುಗೋಸ್ಲಾವಿಯಾದವರು ಪ್ರತಿಭಟಿಸಿದರು. ವಿಚಾರಣೆ ನಡೆದು ಸ್ಟೋಯಾನೊವ್‌ನನ್ನು ಅನರ್ಹಗೊಳಿಸಲಾಯಿತು. ಕೊರಿಡ್ಜೆ ಮಾತ್ರ ಸ್ಪರ್ಧೆಯಲ್ಲಿ ಉಳಿದ. ಮುಂದೆ ಮಾರ್ಟಿನೊವಿಚ್‌ನನ್ನೇ ಎದುರಿಸಿ, ಸೋಲಿಸಿ, ಚಿನ್ನ ಗೆದ್ದ. ಮರುವರ್ಷ, 1961ರಲ್ಲಿ, ಯೊಕೊಹಾಮಾದಲ್ಲಿ ವಿಶ್ವ ಚಾಂಪಿಯನ್ ಎನಿಸಿದ. 1966ರಲ್ಲಿ, ಇನ್ನೂ ಹರೆಯದಲ್ಲಿರುವಾಗಲೇ ತೀರಿಕೊಂಡ.

ಸತ್ತವರ ಮೇಲೆ ತೀರ್ಪು ಕೊಡಲು ನಾವು ಹೊರಟಿಲ್ಲ. ಆ ಮಾತು ಬೇಡಿಕೆಯೋ ಬೆದರಿಕೆಯೋ ಸ್ನೇಹವೋ, ಅದು ಅವರಿಬ್ಬರ ನಡುವೆಯೇ ಇರಲಿ. ಈ ವೃತ್ತಾಂತದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಬೇರೆ. ಕುಸ್ತಿಯನ್ನು ನಾವು ಇಬ್ಬರ ಆಟವೆಂದು ತಿಳಿದಿದ್ದೇವೆ. ಆ ದಿನ ಅಲ್ಲಿ ಮೂವರಿದ್ದರು. ಮೂರನೆಯವನ ಪಾಲು ಇಬ್ಬರ ಉಸಿರಿನ ನಡುವೆ ತೀರ್ಮಾನವಾಗುತ್ತಿತ್ತು, ಅವನ ಕಿವಿಗೆ ಮಾತ್ರ ಆ ಮಾತು ತಲಪಲಿಲ್ಲ.

ಇನ್ನು ನಮ್ಮ ಮಾತಿಗೆ ಬರೋಣ. ಮುಂಬಯಿಗೆ ಬಂದ ಕನ್ನಡಿಗರಲ್ಲಿ ಕಿವಿಮಾತಿನ ಋಣವಿಲ್ಲದವರು ಯಾರು? ಟ್ರಂಕು, ಹಾಸಿಗೆ, ಒಂದು ವಿಳಾಸದ ಚೀಟಿ ಹಿಡಿದು ಇಳಿದವರು ನಾವು. ‘ಇವನು ನಮ್ಮ ಊರಿನವ’ ಎಂದು ಯಾರೋ ಹೇಳಿದ್ದರಿಂದ ಮಲಗಲು ಜಾಗ ದೊರೆಯಿತು. ಇನ್ನಾರೋ ಹೇಳಿದ್ದರಿಂದ ಹೋಟೆಲಿನಲ್ಲಿ ಕೆಲಸ, ಕೆಲಸ ಮುಗಿದ ಮೇಲೆ ರಾತ್ರಿ ಶಾಲೆ. ಈ ಮಾತುಗಳು ಇಲ್ಲದಿದ್ದರೆ ನಮ್ಮ ಸಂಘಗಳೂ ಇರುತ್ತಿರಲಿಲ್ಲ, ಈ ಪತ್ರಿಕೆಯೂ ಇರುತ್ತಿರಲಿಲ್ಲ. ಆದ್ದರಿಂದ ‘ನಮ್ಮವರು’ ಎಂಬ ಮಮತೆಯನ್ನೇ ದೋಷವೆಂದು ಕರೆಯುವುದು ಕೃತಘ್ನತೆಯಾದೀತು.

ಆದರೂ ನಮ್ಮ ಜೀವನದ ಒಂದು ಪ್ರಸಂಗವನ್ನು ಮುಚ್ಚಿಟ್ಟು ಈ ಪ್ರಶ್ನೆಯನ್ನು ಚರ್ಚಿಸುವುದು ಪ್ರಾಮಾಣಿಕವಾಗದು. ಹಲವು ವರ್ಷಗಳ ಹಿಂದೆ ನಾವು ದುಡಿಯುತ್ತಿದ್ದ ಕಚೇರಿಯಲ್ಲಿ ಒಂದು ಗುಮಾಸ್ತೆಯ ಹುದ್ದೆ ಖಾಲಿಯಾಯಿತು. ಅಭ್ಯರ್ಥಿಗಳಿಗೆ ಒಂದು ಸಣ್ಣ ಪರೀಕ್ಷೆ. ಉತ್ತರಪತ್ರಿಕೆಗಳನ್ನು ನೋಡಿ ಅಂಕ ಹಾಕುವ ಕೆಲಸ ನಮ್ಮ ಪಾಲಿಗೆ ಬಂತು. ಅದರ ಹಿಂದಿನ ಸಂಜೆ ನಾವು ಬಹಳ ಗೌರವಿಸುವ ಹಿರಿಯರೊಬ್ಬರು ಮನೆಗೆ ಬಂದರು. ಕಾಫಿ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು, “ನಮ್ಮ ಕಡೆಯ ಹುಡುಗ, ರಾಯರೇ. ತಂದೆ ಇಲ್ಲ. ಸ್ವಲ್ಪ ನೋಡಿ” ಎಂದರು.

ನಾವು ನೋಡಿದೆವು. ಹುಡುಗನಿಗೆ ಕಡಿಮೆ ಬಿದ್ದದ್ದು ಮೂರೇ ಅಂಕ. ಒಂದು ಪ್ರಶ್ನೆಯ ಉತ್ತರವನ್ನು ಉದಾರವಾಗಿ ಓದಿದರೆ ಸಾಕಾಯಿತು. ಕಡತಕ್ಕೆ ದಾರ ಕಟ್ಟುವಾಗ ಮೇಲೆ ಇದ್ದದ್ದು, ಮೊದಲನೆಯವನಾಗಿದ್ದು ಎರಡನೆಯವನಾದ ಅಭ್ಯರ್ಥಿಯ ಅರ್ಜಿ. ನಮ್ಮ ಭಾಷೆಯವನಲ್ಲ. ಯಾವುದೋ ಚಾಳಿನ ವಿಳಾಸ. ತಂದೆಯ ಹೆಸರಿನ ಎದುರು ‘ದಿವಂಗತ’ ಎಂದು ಬರೆದಿತ್ತು. ಅವನಿಗೂ ಒಂದು ಊರಿತ್ತು. ಆದರೆ ಅವನ ಊರಿನವರಾರೂ ನಮ್ಮ ಮನೆಯ ಬಾಗಿಲಿಗೆ ಬಂದಿರಲಿಲ್ಲ, ಅಷ್ಟೇ.

ನಮ್ಮ ಹುಡುಗ ಬಹಳ ಚೆನ್ನಾಗಿ ಕೆಲಸ ಮಾಡಿದ. ಎರಡು ಬಾರಿ ಬಡ್ತಿ ಪಡೆದ. ‘ನೋಡು, ನಾವು ಮಾಡಿದ್ದು ತಪ್ಪಲ್ಲ, ಯೋಗ್ಯನನ್ನೇ ಆರಿಸಿದೆವು’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಕೊರಿಡ್ಜೆಯ ಪರವಾಗಿಯೂ ಇದೇ ವಾದವನ್ನು ಹೂಡಬಹುದು: ಕೊನೆಗೆ ಅವನು ಮಾರ್ಟಿನೊವಿಚ್‌ನನ್ನು ಕಣದಲ್ಲೇ ಸೋಲಿಸಲಿಲ್ಲವೇ? ಸೋಲಿಸಿದ, ನಿಜ. ಆದರೆ ಆ ಪಂದ್ಯಕ್ಕೆ ನಿಲ್ಲುವ ಹಕ್ಕು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಆ ಗೆಲುವು ಉತ್ತರವಲ್ಲ. ಆಮೇಲಿನ ಯೋಗ್ಯತೆ ಹಿಂದಿನ ಅನ್ಯಾಯಕ್ಕೆ ರಸೀದಿಯಾಗಲಾರದು. ಎರಡನೆಯವನಿಗೆ ಅವಕಾಶ ಸಿಕ್ಕಿದ್ದರೆ ಅವನೂ ಎರಡು ಬಡ್ತಿ ಪಡೆಯುತ್ತಿದ್ದನೋ ಏನೋ!

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂಥ ಉಪಕಾರ ಮೂರನೆಯವನ ಪಾಲನ್ನಷ್ಟೇ ಅಲ್ಲ, ಪಡೆದವನ ಪಾಲನ್ನೂ ಕಸಿಯುತ್ತದೆ. ಅದೇ ರೋಮ್‌ನಲ್ಲಿ ಕಂಚು ಗೆದ್ದವನು ಸ್ವೀಡನ್ನಿನ ಗುಸ್ತಾವ್ ಫ್ರೇ. 1948ರಲ್ಲಿ ಚಿನ್ನ, 1952ರಲ್ಲಿ ಬೆಳ್ಳಿ, 1960ರಲ್ಲಿ ಕಂಚು. ಇಳಿಯುತ್ತ ಬಂದ ಮೆಟ್ಟಿಲಾದರೂ ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಕೊರಿಡ್ಜೆಯ ಚಿನ್ನದ ಮಾತು ಬಂದಾಗ ಮಾತ್ರ ‘ಆದರೆ’ ಎಂದು ನಿಲ್ಲಬೇಕಾಗುತ್ತದೆ. ವರ್ಷಗಟ್ಟಲೆ ಬೆವರು ಸುರಿಸಿ ಸಂಪಾದಿಸಿದ ಬಲವೆಲ್ಲ ಒಂದು ನಿಮಿಷದ ನೆರಳಿನಲ್ಲಿ ನಿಂತಿತು.

ನಮ್ಮ ಹುಡುಗನ ಎರಡನೆಯ ಬಡ್ತಿಯ ದಿನ ಅವನು ಪೇಡೆಯ ಡಬ್ಬಿ ಹಿಡಿದು ನಮ್ಮ ಮೇಜಿನ ಬಳಿ ಬಂದ. ಸಂಕೋಚದಿಂದ ಕೇಳಿದ: “ಸಾರ್, ಅಂದಿನ ಪರೀಕ್ಷೆಯಲ್ಲಿ ನಾನು ನಿಜವಾಗಿ ಮೊದಲನೆಯವನಾಗಿದ್ದೆನೇ?” ಯಾರೋ ಏನೋ ಆಡಿರಬೇಕು. ನಾವು, “ಅದರಲ್ಲಿ ಸಂಶಯವೇನಪ್ಪ?” ಎಂದು ಪೇಡೆ ಬಾಯಿಗೆ ಹಾಕಿಕೊಂಡೆವು. ಅವನು ನಕ್ಕು ಹೋದ. ನಂಬಿದನೆಂದು ನಮಗನಿಸಲಿಲ್ಲ.

ರೋಮ್‌ನ ತೀರ್ಪಿನಲ್ಲಿ ದಂಡ ಬಿದ್ದದ್ದು ಹೇಳಿದವನಿಗಲ್ಲ, ಕೇಳಿದವನಿಗೆ. ಮೊದಲು ಇದು ನಮಗೆ ವಿಪರೀತವಾಗಿ ಕಂಡಿತ್ತು. ಈಗ ಅದರಲ್ಲೂ ಒಂದು ಅರ್ಥ ಕಾಣುತ್ತದೆ. ಹೇಳುವವನು ತನ್ನ ಕಷ್ಟ ಹೇಳುತ್ತಾನೆ. ಕಷ್ಟದಲ್ಲಿದ್ದವನು ಕೇಳದೆ ಇದ್ದಾನೆಯೇ? ಬೀಳುವುದು, ಬೀಳದಿರುವುದು ಕೇಳಿದವನ ಕೈಯಲ್ಲಿತ್ತು. ಮನೆಗೆ ಬಂದ ಹಿರಿಯರು ಒಬ್ಬ ಅನಾಥ ಹುಡುಗನ ಹಿತ ಬಯಸಿದರು. ಕೆಂಪು ಶಾಯಿಯ ಪೆನ್ನು ಇದ್ದದ್ದು ನಮ್ಮ ಕೈಯಲ್ಲಿ.

ಹಾಗಾದರೆ ನಮ್ಮವರಿಗೆ ನೆರವಾಗಬಾರದೇ? ಖಂಡಿತ ಆಗಬೇಕು. ಹುದ್ದೆ ಖಾಲಿ ಇದೆಯೆಂದು ತಿಳಿಸಬಹುದು, ಅರ್ಜಿ ಬರೆದುಕೊಡಬಹುದು, ಪರೀಕ್ಷೆಗೆ ಓದಲು ಮನೆಯ ಮೂಲೆಯೊಂದನ್ನು ಬಿಟ್ಟುಕೊಡಬಹುದು. ಇವೆಲ್ಲ ಗರಡಿಯಲ್ಲಿ ಸಾಮು ಕಲಿಸಿದ ಹಾಗೆ. ಕಣಕ್ಕೆ ಇಳಿದ ಮೇಲೆ ಕೈ ಆಡಿಸುವುದು ಬೇರೆ ವಿಷಯ. ಎರಡರ ನಡುವಿನ ಗೆರೆ ಯಾವುದೆಂದು ನಮ್ಮನ್ನು ಕೇಳಿದರೆ ಹೀಗೆನ್ನುತ್ತೇವೆ: ಕಿವಿಯಲ್ಲಿ ಹೇಳುವ ಮಾತನ್ನು ಮೂರನೆಯವನ ಎದುರಿಗೆ ಗಟ್ಟಿಯಾಗಿ ಹೇಳಬಹುದೇ? ‘ಈ ಹುಡುಗನಿಗೆ ತಂದೆಯಿಲ್ಲ, ಬುದ್ಧಿವಂತ, ಪರೀಕ್ಷೆಗೆ ಕೂರಿಸಿ’ ಎಂಬುದನ್ನು ಚಾಳಿನ ಆ ಹುಡುಗನ ಮುಂದೆಯೂ ಹೇಳಬಹುದಿತ್ತು. ‘ಮೂರು ಅಂಕ ಸೇರಿಸಿ’ ಎಂಬುದನ್ನು ಹೇಳಲಾಗುತ್ತಿರಲಿಲ್ಲ.

ಆ ಅರ್ಜಿಯ ಹುಡುಗ ಈಗ ಎಲ್ಲಿದ್ದಾನೋ, ಅವನ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವ ದಾರಿ ನಮಗಿಲ್ಲ. ಆದರೆ ಪೇಡೆ ತಂದವನು ನಮ್ಮ ಸಂಘದ ಸದಸ್ಯ. ಈ ಸಂಚಿಕೆ ಅವನ ಮನೆಗೂ ಹೋಗುತ್ತದೆ. ಹೆಸರು ಬರೆದಿಲ್ಲವಾದ್ದರಿಂದ, ಓದಿದರೆ ಅವನಿಗೊಬ್ಬನಿಗೇ ತಿಳಿಯುತ್ತದೆ. ಅವನು ಇನ್ನೊಮ್ಮೆ ಬಂದು ಅದೇ ಪ್ರಶ್ನೆ ಕೇಳಲಿ. ಈ ಸಲ ನಾವು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ: ಮೂರು ಅಂಕ ನಮ್ಮದು, ಆಮೇಲಿನದೆಲ್ಲ ನಿನ್ನದು.