ಒರೆಗಲ್ಲು ಯಾರ ಕೈಯಲ್ಲಿ?

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಜ್ಯುವೆಲರ್ಸ್ ಸ್ಟ್ರೀಟಿನಲ್ಲಿ ಚಿನ್ನ ಕೊಳ್ಳುವಾಗ ನಾವು ಹಿಂದೆ ಒರೆಗಲ್ಲನ್ನು ನಂಬುತ್ತಿದ್ದೆವು. ಸಾಹಿತ್ಯದಲ್ಲಿ ಆ ಕೆಲಸ ವಿಮರ್ಶಕರದು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವೇ ಕಾವ್ಯದ ಗುಣದೋಷ ತಿಳಿಸುವ, 9ನೇ ಶತಮಾನದ 'ಕವಿರಾಜಮಾರ್ಗ'. ಅದರ ಹಿಂದೆ ರಾಷ್ಟ್ರಕೂಟರ ಆಸ್ಥಾನವಿತ್ತು. ಉರ್ದುವಿನಲ್ಲಿ ಶಿಷ್ಯನ ಶೇರನ್ನು ಉಸ್ತಾದರು ತಿದ್ದುತ್ತಿದ್ದರು. 1893ರಲ್ಲಿ ಹಾಲಿ ತಮ್ಮ ಕವನಗಳಿಗೆ ಬರೆದ ಮುನ್ನುಡಿ ಆಧುನಿಕ ವಿಮರ್ಶೆಗೆ ಬುನಾದಿಯಾಯಿತು. ಆಮೇಲೆ ಆ ಅಧಿಕಾರ ವಿಶ್ವವಿದ್ಯಾಲಯಗಳಿಗೆ ದಾಟಿತು. 1979ರಲ್ಲಿ ಬೆಂಗಳೂರಿನಲ್ಲಿ ಸೇರಿದ ಬಂಡಾಯ ಸಾಹಿತಿಗಳು, ಈ ಒರೆಗಲ್ಲು ಯಾರದೆಂದು ಕೇಳಿದರು.

ಆ ಚಳವಳಿಯಿಂದ ಬಂದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ದೊರೆತಾಗ ನಾವೆಲ್ಲ ಹಿಗ್ಗಿದೆವು. ಅದಕ್ಕೆ ಮೊದಲು ನಮ್ಮಲ್ಲಿ ಎಷ್ಟು ಮಂದಿ ಅವರ ಕಥೆಗಳನ್ನು ಓದಿದ್ದೆವು? ವಿಮರ್ಶಕರು ಬೇಕು. ಆದರೆ ನಾವೇ ಓದದಿದ್ದರೆ, ನಮ್ಮ ಪಾಲಿನ ತೀರ್ಪನ್ನೂ ಅವರಿಗೆ ಒಪ್ಪಿಸಿದಂತೆ.